ಮೇಲ್ಮನವಿಯ ವಕೀಲ

ಮೊನ್ನೆ ಸಿಂಧನೂರಿನಿಂದ ಲಿಂಗಸೂಗೂರಿಗೆ ಹೊರಟ ಬಸ್ಸಿನಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ಜೊತೆಯಾದನು. ಕಾನೂನು ಪದವಿ ಪಡೆದಿದ್ದಾನೆ. ಮುಖದಲ್ಲಿ ಮಾತ್ರ ಗೆಲವಿಲ್ಲ. “ಸರ್, ಸಾಕ್ಷಿಯನ್ನು ಗದರಿಸಿ ಕೇಳುವ ಗಂಟಲು ನನಗಿಲ್ಲ. ವಕೀಲಿ ಬಿಟ್ಟು ಬೇರೆ ನೌಕರಿ ನೋಡಿಕೊಳ್ಳಲೇ?” ಎಂದನು. ಕಾಲೇಜಿನಲ್ಲಿಯೂ ಅವನು ಚರ್ಚಾಸ್ಪರ್ಧೆಗೆ ನಿಂತವನಲ್ಲ. ಆದರೆ ಪಾಠದಲ್ಲಿ ಒಂದಕ್ಷರ ತಪ್ಪಿದರೂ ಹಿಡಿದು ಕೇಳುತ್ತಿದ್ದವನು.

ಅಂಥವನಿಗೆ ತಕ್ಕ ಸ್ಥಾನವೊಂದುಂಟು, ಮೇಲ್ಮನವಿಯ ನ್ಯಾಯಾಲಯ. ಅಲ್ಲಿ ಹೊಸ ಸಾಕ್ಷ್ಯಕ್ಕೆ ಎಡೆ ತೀರ ಕಡಿಮೆ; ಕೆಳಗಿನಿಂದ ಬಂದ ಕಡತವೇ ಸರ್ವಸ್ವ. ಅದನ್ನು ಮೂರು ಸಲ ಓದುವ ತಾಳ್ಮೆಯೇ ಬಂಡವಾಳ. 1976ರ ತಿದ್ದುಪಡಿಯ ಬಳಿಕವಂತೂ, ಕಾನೂನಿನ ಗಣನೀಯ ಪ್ರಶ್ನೆಯೊಂದು ಇಲ್ಲದೆ ಸಿವಿಲ್ ದಾವೆಯ ಎರಡನೆಯ ಮೇಲ್ಮನವಿಯನ್ನು ಉಚ್ಚ ನ್ಯಾಯಾಲಯ ಕೈಗೆತ್ತಿಕೊಳ್ಳುವಂತಿಲ್ಲ. ಹತ್ತು ಕಾರಣಗಳನ್ನು ಪೇರಿಸುವುದು ಸುಲಭ. ಒಂಬತ್ತನ್ನು ಬಿಟ್ಟು ಒಂದನ್ನು ಹಿಡಿಯುವುದು ಕಷ್ಟ.

ನಮ್ಮ ಸೀಮೆಯಲ್ಲಿ ಭಾಷೆಯ ಜ್ಞಾನವೂ ಬೇಕು. 1956ರವರೆಗೆ ರಾಯಚೂರು ಜಿಲ್ಲೆ ಹೈದರಾಬಾದು ರಾಜ್ಯದಲ್ಲಿತ್ತು. ಹಳೆಯ ಜಮೀನಿನ ಕಾಗದಗಳು ಉರ್ದುವಿನಲ್ಲಿವೆ. ಸಾಕ್ಷಿ ನುಡಿಯುವುದು ಕನ್ನಡ. ಉಚ್ಚ ನ್ಯಾಯಾಲಯದ ವ್ಯವಹಾರ ಇಂಗ್ಲಿಷು. ರೈತನು “ಹೊಲ ಕೊಟ್ಟೆ” ಎಂದರೆ ಮಾರಿದನೇ, ಅಡವಿಟ್ಟನೇ, ಲಾವಣಿಗೆ ಕೊಟ್ಟನೇ? ಆ ಒಂದು ಮಾತು ತಪ್ಪಾಗಿ ಅನುವಾದಗೊಂಡರೆ ನಾಲ್ಕು ಎಕರೆ ನೆಲವೇ ಕೈಬಿಟ್ಟೀತು. ಕನ್ನಡದ ಪಾಠ ಹೊಟ್ಟೆಗೆ ಹಿಟ್ಟು ತಾರದೆನ್ನುವವರು ಇದನ್ನು ಯೋಚಿಸಬೇಕು.

ಇನ್ನು ಸ್ವಭಾವದ ಮಾತು. 2008ರಲ್ಲಿ ಕಲಬುರಗಿಯಲ್ಲಿ ಸಂಚಾರಿ ಪೀಠ ತೆರೆಯುವ ತನಕ ಇಲ್ಲಿಯ ಕಕ್ಷಿಗಾರರು ಉಚ್ಚ ನ್ಯಾಯಾಲಯಕ್ಕೆಂದು ಬೆಂಗಳೂರಿಗೇ ಹೋಗಬೇಕಾಗಿತ್ತು. 2013ರಲ್ಲಿ ಅದು ಕಾಯಂ ಪೀಠವಾಯಿತು. ದಾರಿ ಹತ್ತಿರವಾಯಿತು, ಸೋತವನ ಹಟ ತಗ್ಗಲಿಲ್ಲ. “ಇದ್ದ ಎರಡೆಕರೆ ಮಾರಿಯಾದರೂ ಸೈ, ಮೇಲಿನ ಕೋರ್ಟಿಗೆ ಹೋಗೋಣ” ಎನ್ನುವವನಿಗೆ, “ಯಜಮಾನರೇ, ಇದರಲ್ಲಿ ಹುರುಳಿಲ್ಲ, ಆ ಹೊಲವನ್ನಾದರೂ ಉಳಿಸಿಕೊಳ್ಳಿರಿ” ಎಂದು ತನ್ನ ಫೀಜನ್ನು ಬಿಟ್ಟು ಹೇಳುವ ಎದೆ ವಕೀಲನಿಗಿರಬೇಕು. ಹುರುಳಿದ್ದರೆ ಒಂದು ದಿನವೂ ತಡಮಾಡಲಾಗದು: ಸಿವಿಲ್ ಡಿಕ್ರಿಯ ಮೇಲೆ ಜಿಲ್ಲಾ ನ್ಯಾಯಾಲಯಕ್ಕೆ 30 ದಿನ, ಉಚ್ಚ ನ್ಯಾಯಾಲಯಕ್ಕೆ 90 ದಿನ.

ಅಷ್ಟರಲ್ಲಿ ಮಸ್ಕಿ ಬಂದಿತು. ಅಶೋಕನ ಹೆಸರನ್ನೇ ಹೊತ್ತ ಶಾಸನ ಇಲ್ಲಿ ಬೆಳಕಿಗೆ ಬಂದದ್ದು 1915ರಲ್ಲಿ. ಅದೇ ದೊರೆ ತನ್ನ ನಾಲ್ಕನೆಯ ಸ್ತಂಭಶಾಸನದಲ್ಲಿ, ಮರಣದಂಡನೆಗೆ ಗುರಿಯಾದವರಿಗೆ ಮೂರು ದಿನಗಳ ಬಿಡುವು ಕೊಟ್ಟಿದ್ದಾನೆ. ಆ ಅವಧಿಯಲ್ಲಿ ಬಂಧುಗಳು ಅಧಿಕಾರಿಗಳಲ್ಲಿ ಜೀವದಾನಕ್ಕಾಗಿ ಮೊರೆಯಿಡಬಹುದಾಗಿತ್ತು. ತೀರ್ಪು ಕೊಡುವವನೂ ಮನುಷ್ಯನೇ, ತಪ್ಪಬಹುದು ಎಂಬ ಅಳುಕಿನಿಂದಲೇ ಅಲ್ಲವೇ ಮೇಲ್ಮನವಿ ಹುಟ್ಟಿದ್ದು?

ಹುಡುಗ ಮಾತಾಡಲಿಲ್ಲ. ಲಿಂಗಸೂಗೂರಿನಲ್ಲಿ ಇಳಿಯುವಾಗ, “ಸರ್, ಉರ್ದು ಕಲಿಸುವವರು ಯಾರಾದರೂ ಗೊತ್ತೇ?” ಎಂದು ಕೇಳಿದನು.