ಅಳಿಸಿದ ಹೆಸರನ್ನು ಮತ್ತೆ ಬರೆಸಿಕೊಳ್ಳಿ



ಪುತ್ತಿಗೆಯಂಥ ಊರುಗಳಿಂದ ಮೂಡುಬಿದಿರೆಗೆ ಬಸ್ಸಿನಲ್ಲಿ ಹೋಗಿ ಕಾಮರ್ಸ್ ಕಲಿಯುವ ನಮ್ಮ ಹೆಣ್ಮಕ್ಕಳಿಗೆ ಸಿ.ಎ. ಈಗ ದೂರದ ಕನಸಲ್ಲ. ಆದರೆ ಕಷ್ಟಪಟ್ಟು ಪಾಸಾದ ಮೇಲೆ ಮದುವೆ, ಬಾಣಂತನ, ಮಕ್ಕಳ ಪಾಲನೆಯ ನಡುವೆ ವರ್ಷದ ಸದಸ್ಯತ್ವ ಶುಲ್ಕ ಕಟ್ಟುವುದು ತಪ್ಪಿಹೋಗುವುದುಂಟು. ಆಗ ರಿಜಿಸ್ಟರಿನಿಂದ ಹೆಸರೇ ಹೋಗುತ್ತದೆ. ‘ಇನ್ನೇನು, ಎಲ್ಲ ಮುಗಿಯಿತು’ ಎಂದು ಕೈಚೆಲ್ಲಿ ಕುಳಿತುಕೊಳ್ಳಬೇಡಿ.

1949ರ ಚಾರ್ಟರ್ಡ್ ಅಕೌಂಟೆಂಟ್ಸ್ ಕಾಯಿದೆಯ ಪ್ರಕಾರ ಶುಲ್ಕ ಬಾಕಿಯಿಂದ ಹೋದ ಹೆಸರನ್ನು ಮರಳಿ ಸೇರಿಸಬಹುದು. ನಮೂನೆ 9ರಲ್ಲಿ ಅರ್ಜಿ ಹಾಕಿ, ಬಾಕಿ ಹಾಗೂ ಹೆಚ್ಚುವರಿ ಶುಲ್ಕ ಕಟ್ಟಬೇಕು. ಪಾಸಾದ ಪರೀಕ್ಷೆಯನ್ನು ಮತ್ತೆ ಬರೆಯಬೇಕಾಗಿಲ್ಲ. ಸ್ವಂತ ಕಚೇರಿ ನಡೆಸುವುದಾದರೆ ವೃತ್ತಿ ಪ್ರಮಾಣಪತ್ರವೂ ಬೇಕು. ಮಾಹಿತಿಗೆ ಸಂಸ್ಥೆಯ ಮಂಗಳೂರು ಶಾಖೆ ಇದೆ.

ಶಿಸ್ತುಕ್ರಮದಿಂದ ಹೆಸರು ಹೋಗಿದ್ದರೆ ದಾರಿ ಬೇರೆ. ಶಿಸ್ತು ಸಮಿತಿಯ ಆದೇಶದ ವಿರುದ್ಧ 90 ದಿನಗಳೊಳಗೆ ಮೇಲ್ಮನವಿ ಸಲ್ಲಿಸಬಹುದು. ಅಲ್ಲಿ ಹಣ ಕಟ್ಟಿದರಷ್ಟೇ ಸಾಲದು.

ಒಂದು ಎಚ್ಚರಿಕೆ: ಹೆಸರು ಮರಳುವವರೆಗೆ, ಪರಿಚಯದವರು ಎಷ್ಟೇ ಒತ್ತಾಯಿಸಿದರೂ, ಜಮಾಅತಿನ ಲೆಕ್ಕವಾದರೂ ಸರಿ, ಸಿ.ಎ. ಎಂದು ಸಹಿ ಹಾಕಬೇಡಿ. 2019ರಿಂದ ಇಂಥ ಪ್ರಮಾಣಪತ್ರಗಳಿಗೆ 18 ಅಂಕಿಗಳ ಯು.ಡಿ.ಐ.ಎನ್. ಸಂಖ್ಯೆ ಕಡ್ಡಾಯ. ಲೆಕ್ಕ ಮಾಡಿಸುವವರೂ ಅದನ್ನು ಕೇಳಿ ಪಡೆಯಲಿ. ಸಾಲದ ವ್ಯವಹಾರವನ್ನು ನ್ಯಾಯವಾಗಿ ಬರೆದಿಡಲು ಕಲಿಸುವ ಸೂಕ್ತವೇ (ಅಲ್ ಬಕರ: 282) ಕುರ್‌ಆನಿನ ಅತಿ ದೀರ್ಘ ಸೂಕ್ತ. ಲೆಕ್ಕ ಬರೆಯುವವರ ಕೈ ಶುದ್ಧವಾಗಿರಬೇಕೆಂಬುದಕ್ಕೆ ಬೇರೆ ಮಾತು ಬೇಕೇ?

ಭಾರತದ ಮೊದಲ ಮಹಿಳಾ ಅಕೌಂಟೆಂಟ್ ಮದರಾಸಿನ ಆರ್. ಶಿವಭೋಗಂ. ಸ್ವಾತಂತ್ರ್ಯ ಚಳವಳಿಯಲ್ಲಿ ಅವರು ಜೈಲಿಗೆ ಹೋಗಿದ್ದರು. ಜೈಲಿಗೆ ಹೋದವರು ಅಕೌಂಟೆಂಟ್ ಆಗಿ ನೋಂದಾಯಿಸಿಕೊಳ್ಳುವಂತಿಲ್ಲ ಎಂದು ಬ್ರಿಟಿಷ್ ಸರಕಾರ ತಡೆಯೊಡ್ಡಿತು. ಅವರು ಸುಮ್ಮನಿರಲಿಲ್ಲ, ಕಾನೂನಿನ ಮೂಲಕ ಹೋರಾಡಿ ಗೆದ್ದರು. 1933ರಲ್ಲಿ ನೋಂದಾಯಿತ ಅಕೌಂಟೆಂಟ್ ಆದರು. ಮುಂದೆ ಸಂಸ್ಥೆಯ ದಕ್ಷಿಣ ಭಾರತ ಪ್ರಾದೇಶಿಕ ಮಂಡಳಿಯ ಅಧ್ಯಕ್ಷೆಯೂ ಆದರು. ಅವರ ಎದುರಿಗಿದ್ದುದು ಸರಕಾರ. ನಿಮ್ಮ ಎದುರಿಗಿರುವುದು ಒಂದು ಅರ್ಜಿ ಮಾತ್ರ.

ಮನೆಯ ಹಿರಿಯರಲ್ಲಿ ಒಂದು ಮಾತು. ಸೊಸೆ ಸದ್ಯ ಕೆಲಸಕ್ಕೆ ಹೋಗದಿದ್ದರೂ ಅವಳ ವರ್ಷದ ಶುಲ್ಕವನ್ನು ತಪ್ಪದೆ ಕಟ್ಟಿ. ಅವಳು ಕಲಿತ ವಿದ್ಯೆ ಮನೆಯ ಆಸ್ತಿ; ನಾಳೆ ಕಷ್ಟಕಾಲ ಬಂದರೆ ಅದೇ ಆಸರೆಯಾದೀತು.