ಶಾಲೆಯ ವೈಫೈ ಕೀಲಿಕೈ ಶಾಲೆಯಲ್ಲೇ ಇರಲಿ



ಕಾಸರಗೋಡಿನ ಕನ್ನಡ ಶಾಲೆಗಳ ರಕ್ಷಕ-ಶಿಕ್ಷಕ ಸಂಘದ ಸಭೆಗಳಲ್ಲಿ ನಮ್ಮ ಬೇಡಿಕೆಗಳು ಬಹುಕಾಲದಿಂದ ಇವೇ: ಕನ್ನಡ ಬಲ್ಲ ಅಧ್ಯಾಪಕರು ಬೇಕು, ಪಠ್ಯಪುಸ್ತಕ ಸಕಾಲಕ್ಕೆ ಬರಬೇಕು, ಪ್ರಶ್ನೆಪತ್ರಿಕೆ ಕನ್ನಡದಲ್ಲಿರಬೇಕು. ಇವು ನ್ಯಾಯವಾದವು, ಇವನ್ನು ಬಿಡಬಾರದು. ಆದರೆ ಈ ಪಟ್ಟಿಗೆ ಮತ್ತೊಂದನ್ನು ಸೇರಿಸಬೇಕಾದ ಕಾಲ ಬಂದಿದೆ. ಶಾಲೆಯ ವೈಫೈ ಜಾಲದ ಆಡಳಿತವು ಶಾಲೆಯ ಕೈಯಲ್ಲಿಯೇ ಇರಬೇಕು.

ಇದೇನು ಅಷ್ಟು ದೊಡ್ಡ ವಿಷಯವೇ ಎಂದು ನೀವು ಕೇಳಬಹುದು. ನಾನು ಬಲ್ಲ ಒಂದು ಶಾಲೆಯಲ್ಲಿ ದಾನಿಗಳ ಹಣದಿಂದ ನಾಲ್ಕು ಕಡೆ ವೈಫೈ ಪೆಟ್ಟಿಗೆಗಳನ್ನು ಕೂರಿಸಲಾಯಿತು. ಕೂರಿಸಿದವರು ಆಡಳಿತದ ಪಾಸ್‌ವರ್ಡನ್ನು ತಮ್ಮ ಲ್ಯಾಪ್‌ಟಾಪಿನಲ್ಲಿಯೇ ಉಳಿಸಿಕೊಂಡು ಹೋದರು. ಆಮೇಲೆ ಜಾಲದ ಹೆಸರನ್ನು ಬದಲಿಸಬೇಕಾದರೂ ಅವರನ್ನೇ ಕರೆಸಬೇಕು, ಹಣ ತೆರಬೇಕು. ಪೆಟ್ಟಿಗೆಗಳು ಶಾಲೆಯವು, ಕೀಲಿಕೈ ಮಾತ್ರ ಪರರದು. ಶಿಕ್ಷಣದಲ್ಲಿ ಪರಾಧೀನತೆ ಎಂದರೆ ಏನೆಂದು ಗಡಿನಾಡಿನ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಇದಕ್ಕೆ ಪರಿಹಾರ ದುಬಾರಿಯದಲ್ಲ. ಕೇರಳದ ಶಾಲೆಗಳ ಪ್ರಯೋಗಾಲಯಗಳಲ್ಲಿ ಉಬುಂಟು ಆಧಾರಿತ ಲಿನಕ್ಸ್ ಬಹಳ ವರ್ಷಗಳಿಂದ ಬಳಕೆಯಲ್ಲಿದೆ. 2001ರಲ್ಲಿ ಐಟಿ@ಸ್ಕೂಲ್ ಎಂದು ಆರಂಭವಾಗಿ ಈಗ ಕೈಟ್ ಎಂದು ಕರೆಯಲ್ಪಡುವ ವ್ಯವಸ್ಥೆಯ ಕಾರಣದಿಂದ ನಮ್ಮ ಮಕ್ಕಳಿಗೆ ಲಿನಕ್ಸ್ ಹೊಸತಲ್ಲ. ಅಂತಹ ಒಂದು ಗಣಕಯಂತ್ರದಲ್ಲಿ, ನಾಲ್ಕು ಜಿಬಿ ರ‍್ಯಾಮ್ ಇದ್ದರೆ, ಎಲ್ಲ ವೈಫೈ ಪೆಟ್ಟಿಗೆಗಳನ್ನೂ ಒಂದೇ ಕಡೆಯಿಂದ ನಿಯಂತ್ರಿಸುವ ತಂತ್ರಾಂಶವನ್ನು ಸ್ಥಾಪಿಸಬಹುದು. ಇದನ್ನೇ ಕಂಟ್ರೋಲರ್ ಎನ್ನುತ್ತಾರೆ. ಯೂನಿಫೈ, ಒಮಾಡ ಮುಂತಾದವನ್ನು ಹಣ ಕೊಡದೆ ಇಳಿಸಿಕೊಳ್ಳಬಹುದಾದರೂ ಅವು ತಮ್ಮ ತಮ್ಮ ಕಂಪನಿಯ ಪೆಟ್ಟಿಗೆಗಳನ್ನಷ್ಟೇ ಆಳುತ್ತವೆ. ಓಪನ್‌ವಿಸ್ಪ್ ಮುಕ್ತ ತಂತ್ರಾಂಶ. ಓಪನ್‌ಡಬ್ಲ್ಯೂಆರ್‌ಟಿ ಅಳವಡಿಸಿದ ಪೆಟ್ಟಿಗೆಗಳಿಗೆ ಒಪ್ಪುತ್ತದೆ, ಆದರೆ ಸ್ಥಾಪಿಸಲು ಹೆಚ್ಚಿನ ತಿಳಿವಳಿಕೆ ಬೇಕು.

ಯೂನಿಫೈಯನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ಮೊದಲು ಆ ಗಣಕಯಂತ್ರಕ್ಕೆ ಎಂದೂ ಬದಲಾಗದ ಐಪಿ ವಿಳಾಸವನ್ನು ಕೊಡಬೇಕು. ವಿಳಾಸ ಬದಲಾದರೆ ಪೆಟ್ಟಿಗೆಗಳು ತಮ್ಮ ಯಜಮಾನನನ್ನು ಕಾಣದೆ ಹೋಗುತ್ತವೆ. ಕಂಟ್ರೋಲರಿಗೆ ಜಾವಾ ಮತ್ತು ಮೊಂಗೊಡಿಬಿ ಎಂಬ ದತ್ತಸಂಚಯ ಎರಡೂ ಅಗತ್ಯ. ಹಳೆಯ ಯಂತ್ರಗಳಲ್ಲಿ ಕೆಲಸ ಕೆಡುವುದು ಹೆಚ್ಚಾಗಿ ಇಲ್ಲಿಯೇ. ಮೊಂಗೊಡಿಬಿಯ 5.0 ಮತ್ತು ಅನಂತರದ ಆವೃತ್ತಿಗಳಿಗೆ ಎವಿಎಕ್ಸ್ ಸೌಲಭ್ಯವುಳ್ಳ ಪ್ರೊಸೆಸರ್ ಬೇಕು. ಅದಿಲ್ಲದ ಯಂತ್ರದಲ್ಲಿ ಅದು ಆರಂಭವಾಗುವುದೇ ಇಲ್ಲ. ಆದ್ದರಿಂದ ಯಂತ್ರವನ್ನು ಆಯುವ ಮೊದಲೇ ಇದನ್ನು ಪರೀಕ್ಷಿಸಿಕೊಳ್ಳಬೇಕು. ಪೆಟ್ಟಿಗೆಗಳು ಮಾತನಾಡಲು 8080, ಆಡಳಿತದ ಪುಟಕ್ಕೆ 8443 ಎಂಬ ಪೋರ್ಟುಗಳು ತೆರೆದಿರಬೇಕು. ಆ ಬಳಿಕ ಅದೇ ಜಾಲದಲ್ಲಿರುವ ಪೆಟ್ಟಿಗೆಗಳು ಪರದೆಯ ಮೇಲೆ ತಾವಾಗಿ ಕಾಣಿಸಿಕೊಳ್ಳುತ್ತವೆ. ಒಂದೊಂದನ್ನಾಗಿ ಸೇರಿಸಿಕೊಂಡರೆ ಆಯಿತು. ಕೊನೆಗೆ ವ್ಯವಸ್ಥೆಯ ಬ್ಯಾಕಪ್ಪನ್ನು ಬೇರೊಂದು ಕಡೆ ಕಾಪಿಡಬೇಕು, ಪಾಸ್‌ವರ್ಡನ್ನು ಮುದ್ರೆಯೊತ್ತಿದ ಲಕೋಟೆಯಲ್ಲಿಟ್ಟು ಮುಖ್ಯೋಪಾಧ್ಯಾಯರ ಕಪಾಟಿನಲ್ಲಿರಿಸಬೇಕು. ಯಂತ್ರ ಒಂದು ದಿನ ನಿಂತರೂ ಭಯವಿಲ್ಲ. ಸಾಮಾನ್ಯ ವೈಫೈ ಎಂದಿನಂತೆ ನಡೆಯುತ್ತದೆ, ಅತಿಥಿಗಳನ್ನು ಸ್ವಾಗತಿಸುವ ಪುಟ ಮಾತ್ರ ತೆರೆಯದು.

ಇದರಲ್ಲಿ ಕನ್ನಡಕ್ಕೇನು ಲಾಭ? ಸ್ವಾಗತ ಪುಟದ ಒಕ್ಕಣೆ ನಮ್ಮದಾಗುತ್ತದೆ. ಜಾಲದ ಹೆಸರು ಸಹ ಕನ್ನಡ ಲಿಪಿಯಲ್ಲಿರಬಹುದು. ಹೆಸರಿಗೆ ಇರುವ ಮಿತಿ 32 ಬೈಟ್. ಕನ್ನಡದ ಪ್ರತಿಯೊಂದು ವರ್ಣಕ್ಕೂ ಗುಣಿತಚಿಹ್ನೆಗೂ ಮೂರು ಬೈಟ್ ಬೇಕು. ಹೀಗಾಗಿ ‘ಕನ್ನಡ ಶಾಲೆ’ 28 ಬೈಟುಗಳಲ್ಲಿ ಹಿಡಿಯುತ್ತದೆ. ‘ಸರಕಾರಿ ಕನ್ನಡ ಶಾಲೆ’ ಹಿಡಿಯದು. ಇದಕ್ಕಿಂತ ಮುಖ್ಯವಾದದ್ದು ಮತ್ತೊಂದಿದೆ. ಅದೇ ಯಂತ್ರದಲ್ಲಿ ಕಿವಿಕ್ಸ್ ಎಂಬ ಮುಕ್ತ ತಂತ್ರಾಂಶವನ್ನಿರಿಸಿ, 2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯವನ್ನು ಅಂತರಜಾಲವಿಲ್ಲದಾಗಲೂ ತರಗತಿಗೆ ಒದಗಿಸಬಹುದು. 8080 ಅನ್ನು ಕಂಟ್ರೋಲರಿಗೆ ಬಿಟ್ಟು ಅದಕ್ಕೆ ಬೇರೆ ಪೋರ್ಟನ್ನು ಕೊಟ್ಟರಾಯಿತು. ಕನ್ನಡ ಪಠ್ಯಪುಸ್ತಕಗಳ ಪಿಡಿಎಫ್ ಪ್ರತಿಗಳನ್ನೂ ಅಲ್ಲಿಯೇ ಇರಿಸಬಹುದು. ಮುದ್ರಿತ ಪುಸ್ತಕ ತಡವಾದರೂ ಪಾಠ ತಡವಾಗದು.

ವೈಫೈ ಬಂದರೆ ಮಕ್ಕಳು ಕೆಡುತ್ತಾರೆ ಎಂಬ ನಿಮ್ಮ ಆತಂಕ ಅಕಾರಣವಲ್ಲ. ಆದರೆ ನಿಯಂತ್ರಣ ಸಾಧ್ಯವಾಗುವುದು ಕೀಲಿಕೈ ನಮ್ಮಲ್ಲಿದ್ದಾಗಲೇ. ಮಕ್ಕಳ ಜಾಲವನ್ನು ಕಚೇರಿಯ ಜಾಲದಿಂದ ಬೇರ್ಪಡಿಸಬಹುದು, ಶಾಲಾವಧಿಯಲ್ಲಿ ಮಾತ್ರ ತೆರೆಯಬಹುದು, ವೇಗಕ್ಕೆ ಮಿತಿ ಹಾಕಬಹುದು. ನೋಡಿಕೊಳ್ಳುವವರು ಯಾರು ಎಂಬ ಪ್ರಶ್ನೆಗೂ ಉತ್ತರವಿದೆ: ಒಬ್ಬ ಅಧ್ಯಾಪಕರು, ಒಬ್ಬ ಪೋಷಕರು, ಇಬ್ಬರು ಹಿರಿಯ ವಿದ್ಯಾರ್ಥಿಗಳು ಒಟ್ಟಿಗೆ ಕಲಿಯಲಿ. ಅವರು ಕೆಲಸದ ಕ್ರಮವನ್ನು ಕನ್ನಡದಲ್ಲಿ ಬರೆದಿಡಲಿ. ಅದು ಮುಂದಿನ ತಂಡಕ್ಕೆ ಕೈಪಿಡಿಯಾದೀತು. ಗಣಕವಿದ್ಯೆಯನ್ನು ಕನ್ನಡದಲ್ಲಿ ಬರೆಯಬಹುದೆಂಬುದಕ್ಕೆ ಸಾಕ್ಷಿಯೂ ಆದೀತು.

ಕಾಸರಗೋಡು ಕೇರಳಕ್ಕೆ ಸೇರಿದ 1956ರಲ್ಲಿಯೇ ಸಂವಿಧಾನಕ್ಕೆ 350ಎ ವಿಧಿಯೂ ಸೇರಿತು. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಸಾಕಷ್ಟು ಸೌಕರ್ಯ ಒದಗಿಸಲು ರಾಜ್ಯವೂ ಸ್ಥಳೀಯಾಡಳಿತವೂ ಯತ್ನಿಸಬೇಕೆಂದು ಅದು ಹೇಳುತ್ತದೆ. ಅಂದು ಸೌಕರ್ಯವೆಂದರೆ ಕರಿಹಲಗೆ ಮತ್ತು ಪುಸ್ತಕ. ಇಂದು ಜಾಲವೂ ಅದರಲ್ಲಿ ಸೇರುತ್ತದೆ. ಸರಕಾರದಿಂದ ಕೇಳುವುದನ್ನು ಕೇಳುತ್ತಲೇ ಇರೋಣ. ನಮ್ಮಿಂದಾಗುವುದನ್ನು ಮಾಡಲು ಯಾರ ಆದೇಶಕ್ಕೂ ಕಾಯಬೇಕಾಗಿಲ್ಲ. ಸರಕಾರಿ ಶಾಲೆಯಾದರೆ ಇಲಾಖೆಯ ಅನುಮತಿ ಪಡೆದರೆ ಸಾಕು.

ಮುಂದಿನ ರಕ್ಷಕ-ಶಿಕ್ಷಕ ಸಂಘದ ಸಭೆಯಲ್ಲಿ ದಯವಿಟ್ಟು ಈ ಒಂದು ಪ್ರಶ್ನೆಯನ್ನು ಕೇಳಿರಿ: ‘ನಮ್ಮ ಶಾಲೆಯ ವೈಫೈ ಪಾಸ್‌ವರ್ಡ್ ಯಾರ ಬಳಿ ಇದೆ?’ ಉತ್ತರ ತಡವರಿಸಿದರೆ, ಕೆಲಸ ಎಲ್ಲಿಂದ ಆರಂಭವಾಗಬೇಕೆಂಬುದು ನಿಮಗೆ ತಿಳಿಯುತ್ತದೆ.

— ಓರ್ವ ನಿವೃತ್ತ ಮುಖ್ಯೋಪಾಧ್ಯಾಯ