ಡಿಫ್ರಾಗ್ ಮಾಡೋಕೂ ದುಡ್ಡು ಕೊಡ್ಬೇಕಾ ಸ್ವಾಮಿ?

"ಕಂಪ್ಯೂಟರ್ ಸ್ಲೋ ಆಗಿದೆ, ಯಾವ ಡಿಫ್ರಾಗ್ ಸಾಫ್ಟ್‌ವೇರ್ ಕೊಳ್ಳಲಿ?" ಅಂತ ಇಂಜಿನಿಯರ್ ಅನ್ನೋ ತಪ್ಪಿಗೆ ನನ್ನನ್ನ ಕೇಳ್ತಾನೇ ಇರ್ತಾರೆ. ನನ್ನದು ಒಂದೇ ಉತ್ತರ: ಯಾವುದೂ ಬೇಡ!

ಹಾರ್ಡ್ ಡಿಸ್ಕಿನಲ್ಲಿ ಫೈಲು ಚೂರುಚೂರಾಗಿ ಬಿದ್ದಿದ್ರೆ ಓದೋ ಹೆಡ್ಡು ಅಲೆದಾಡಬೇಕು. ಆ ಚೂರುಗಳನ್ನ ಒಂದೆಡೆ ಸೇರಿಸೋದೇ ಡಿಫ್ರಾಗ್. ಫೈಲಿನ ಚೂರುಗಳನ್ನ ಸುರಕ್ಷಿತವಾಗಿ ಸರಿಸೋ ವ್ಯವಸ್ಥೆ 1996ರ ಎನ್‌ಟಿ 4.0ಯಿಂದಲೂ ವಿಂಡೋಸ್ ಒಳಗೇ ಇದೆ. ಹೊರಗಿನ ಟೂಲ್‌ಗಳು ಸಾಮಾನ್ಯವಾಗಿ ಬಳಸೋದೂ ಅದನ್ನೇ. ಮೇಲೆ ಬಣ್ಣಬಣ್ಣದ ಚೌಕಗಳ ಜಾತ್ರೆ, ಅಷ್ಟೇ...

ಎಕ್ಸ್‌ಪಿ ಕಾಲದಲ್ಲಿ ವಾದಕ್ಕೆ ಜಾಗ ಇತ್ತು, ಒಪ್ತೀನಿ. ಅದರ ಟೂಲು ಶೇ. 15ರಷ್ಟು ಖಾಲಿ ಜಾಗ ಕೇಳ್ತಿತ್ತು, ಪೇಜ್ ಫೈಲನ್ನ ಮುಟ್ತಿರಲಿಲ್ಲ. ಆಗಲೂ ಮಾರ್ಕ್ ರಸಿನೋವಿಚ್ ಬರೆದ ಪೇಜ್‌ಡಿಫ್ರಾಗ್ ಪುಕ್ಕಟೆ ಸಿಗ್ತಿತ್ತು! 2009ರ ವಿಂಡೋಸ್ 7 ಅಂತೂ ವಾರಕ್ಕೊಮ್ಮೆ ತಾನೇ ಡಿಫ್ರಾಗ್ ಮಾಡೋ ಹಾಗೆ ಬಂತು.

ಇನ್ನು ಎಸ್‌ಎಸ್‌ಡಿ. ಅಲ್ಲಿ ತಿರುಗೋ ತಟ್ಟೆಯೂ ಇಲ್ಲ, ಅಲೆಯೋ ಹೆಡ್ಡೂ ಇಲ್ಲ. ಅದನ್ನ ಪದೇ ಪದೇ ಡಿಫ್ರಾಗ್ ಮಾಡಿದ್ರೆ ಲಾಭಕ್ಕಿಂತ ಸವೆತವೇ ಜಾಸ್ತಿ. 2012ರ ವಿಂಡೋಸ್ 8ರಿಂದ ಈಚೆಗೆ ಒಳಗಿನ ಟೂಲು ಡಿಸ್ಕು ಯಾವ ಜಾತಿ ಅಂತ ನೋಡಿ, ಎಸ್‌ಎಸ್‌ಡಿಗೆ ಟ್ರಿಮ್ ಕಳಿಸುತ್ತೆ. ಹಳೇ ಥರ್ಡ್ ಪಾರ್ಟಿ ಟೂಲಿಗೆ ಈ ವಿವೇಕ ಇದೆ ಅಂತ ಯಾರು ಗ್ಯಾರಂಟಿ ಕೊಡ್ತಾರೆ?

ದುಡ್ಡು ಖರ್ಚು ಮಾಡಲೇಬೇಕಾ? ಇನ್ನೊಂದು ಡಿಸ್ಕು ತಗೊಂಡು ಬ್ಯಾಕಪ್ ಮಾಡ್ಕೊಳ್ಳಿ. ಸಾಯ್ತಿರೋ ಡಿಸ್ಕನ್ನ ಯಾವ ಡಿಫ್ರಾಗೂ ಬದುಕಿಸಲ್ಲ, ಮೈತುಂಬಾ ಓಡಾಡಿಸಿ ಬೇಗ ಕೊಲ್ಲಬಹುದು ಅಷ್ಟೇ. ಅಪ್ಪ-ಅಮ್ಮನ ಫೋಟೋ ಹೋದ್ಮೇಲೆ ಡಿಸ್ಕು ಎಷ್ಟು ಓರಣವಾಗಿದ್ರೆ ಏನು ಬಂತು?

ಒಪ್ಪದವರು ಕಾಮೆಂಟಲ್ಲಿ ಜಗಳಕ್ಕೆ ಬನ್ನಿ :)